ಗೆರೆಯ ಆಚೆ, ಗೆರೆಯ ಈಚೆ

ಫೆಬ್ರವರಿ 3

ಅಕ್ಕ,

ನೀನು ನನ್ನ ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವಲ್ಲ, ಅಷ್ಟೇ ಆಸೆ.

ನಾನು ಈಗಲೂ ಅದೇ ನದಿ ಮುನ್ಸೂಚನೆ ಕಚೇರಿಯಲ್ಲಿದ್ದೇನೆ. ಭಾವ ಹೋದ ಮೇಲೆ ಕೆಲಸ ಬಿಟ್ಟುಬಿಡಬೇಕು ಅಂದುಕೊಂಡಿದ್ದೆ. ಬಿಡಲಿಲ್ಲ. ಆಗ ನಾನು ಭೂಪಟಗಳ ವಿಭಾಗದಲ್ಲಿದ್ದೆ. ಈ ವರ್ಷ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುವವರ ಜೊತೆ ಹಾಕಿದ್ದಾರೆ. ಮೇಲೆ ಬೆಟ್ಟದಲ್ಲಿ ಎಷ್ಟು ಮಳೆ ಬಿತ್ತು, ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂಬುದನ್ನು ತೆಗೆದುಕೊಂಡು, ನಿಮ್ಮ ಸೇತುವೆಯ ಹತ್ತಿರ ನದಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಅದು ಮುಂಚಿತವಾಗಿ ಹೇಳುತ್ತದೆ. ಸೇತುವೆಯ ಕಂಬದ ಮೇಲೆ ಬಳಿದಿರುವ ಕೆಂಪು ಗೆರೆಯನ್ನು ದಾಟುತ್ತದೆ ಎಂದರೆ ಊರಿನ ಸೈರನ್ ಕೂಗುತ್ತದೆ. ಇಲ್ಲವೆಂದರೆ ಕೂಗುವುದಿಲ್ಲ.

ಆ ಪ್ರೋಗ್ರಾಂ ಓಡುತ್ತಿದ್ದ ಕಂಪ್ಯೂಟರುಗಳಿಗೆ ವಯಸ್ಸಾಯಿತು, ಬಿಡಿಭಾಗಗಳೂ ಸಿಗುತ್ತಿಲ್ಲ. ಬೇರೆಯೇ ಜಾತಿಯ ಪ್ರೊಸೆಸರ್ ಇರುವ ಹೊಸ ಯಂತ್ರಗಳು ಬಂದಿವೆ. ಹಳೆಯ ಪ್ರೋಗ್ರಾಂ ಅನ್ನು ಅವುಗಳಿಗೆ ಒಗ್ಗಿಸುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಒಗ್ಗಿದೆಯೋ ಇಲ್ಲವೋ ತಿಳಿಯಬೇಕಾದರೆ, ಹಿಂದಿನ ಪ್ರವಾಹಗಳ ಮಳೆಯನ್ನೆಲ್ಲ ಹೊಸ ಯಂತ್ರಕ್ಕೆ ಉಣಿಸಿ, ಹಳೆಯದು ಅಂದು ಕೊಟ್ಟ ಉತ್ತರವನ್ನೇ ಇದೂ ಕೊಡುತ್ತದೆಯೇ ಎಂದು ನೋಡುತ್ತೇವೆ. ನಮ್ಮ ಭಾಷೆಯಲ್ಲಿ ಅದು ಟೆಸ್ಟ್. ಕೊಟ್ಟರೆ ಪಾಸು, ಕೊಡದಿದ್ದರೆ ಫೇಲು.

ಆ ಪ್ರವಾಹಗಳಲ್ಲಿ ಆ ದಿನದ್ದೂ ಒಂದು.

ಅದು ಫೇಲಾಗಿದೆ ಅಕ್ಕ. ವಾರದಿಂದ ಆ ದಿನದ ಮಳೆ ನನ್ನ ಮೇಜಿನ ಮೇಲಿದೆ. ಇದಕ್ಕಿಂತ ಹೆಚ್ಚು ಹೇಳಬೇಕೋ ಬೇಡವೋ ನೀನೇ ಹೇಳು. ಬೇಡ ಅಂದರೆ ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ನಿನಗೆ ತಿಳಿಸದೆ ಅದನ್ನು ಮುಟ್ಟಿ ರಿಪೇರಿ ಮಾಡಲು ಕೈ ಬರುತ್ತಿಲ್ಲ.

ನಿನ್ನ ಅತ್ತೆಯವರ ಮೊಣಕಾಲು ಹೇಗಿದೆ?

ನಿನ್ನ
ತಂಗಿ


ಫೆಬ್ರವರಿ 24

ನಿನ್ನ ಕಾಗದ ಬಂತು. ಹರಿಯಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಓದಿದೆ.

ಪಾಸು, ಫೇಲು ಅಂತ ಬರೆದಿದ್ದೀಯ. ನನ್ನ ಗಂಡ ಮೂರು ವರ್ಷದಿಂದ ನಿಮ್ಮ ಪರೀಕ್ಷೆಯ ಪ್ರಶ್ನೆಯಾಗಿ ಕೂತಿದ್ದಾರೆ ಎಂದು ನನಗೆ ಈಗ ತಿಳಿಯಿತು.

ಆ ಮಧ್ಯಾಹ್ನ ನಿನಗೆ ಫೋನ್ ಮಾಡಿದವಳು ನಾನು. "ಪಂಪ್‌ಹೌಸ್‌ಗೆ ಡ್ಯೂಟಿಗೆ ಹೊರಟಿದ್ದಾರೆ ಕಣೆ, ನದಿ ಯಾಕೋ ಒಂಥರಾ ಇದೆ, ಹೋಗ್ಬಹುದಾ?" ಅಂತ ಕೇಳಿದೆ. ನೀನು ಪಕ್ಕದ ಕೋಣೆಗೆ ಹೋಗಿ ವಿಚಾರಿಸಿ ಬಂದು "ನಮ್ಮಲ್ಲಿ ಎಚ್ಚರಿಕೆ ಏನೂ ಇಲ್ಲ ಅಕ್ಕ" ಅಂದೆ. ಅವರು ಬಾಗಿಲಲ್ಲೇ ನಿಂತಿದ್ದರು. "ನಾದಿನಿ ಅಪ್ಪಣೆ ಆಯ್ತಲ್ಲ, ಇನ್ನೇನು" ಅಂತ ನಕ್ಕು ಬೂಟು ಹಾಕಿಕೊಂಡರು. ಇದು ನಿನಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಸಲ ಬರೆಯುವುದಿಲ್ಲ.

ಹೇಳುವುದಿದ್ದರೆ ಪೂರ್ತಿ ಹೇಳು. ಅರ್ಧ ಹೇಳಿ ನನ್ನನ್ನು ಕಾಯಿಸಬೇಡ. ಸಮಾಧಾನದ ಮಾತು ಬೇಡವೇ ಬೇಡ.

ಅತ್ತೆಯ ಮೊಣಕಾಲು ಹಾಗೇ ಇದೆ.

ಇಂತಿ,
ಅವರ ಹೆಂಡತಿ


ಮಾರ್ಚ್ 6

ಅಕ್ಕ,

ಪೂರ್ತಿ ಹೇಳುತ್ತೇನೆ.

ಹೊಸ ಯಂತ್ರದಲ್ಲಿ ಮೊದಲ ದಿನ ಮುಕ್ಕಾಲು ಪಾಲು ಟೆಸ್ಟುಗಳು ಫೇಲು. ಪರದೆ ತುಂಬ ಕೆಂಪೋ ಕೆಂಪು. ನನ್ನ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ, ಎಲ್ಲರೂ ಮೀಸೆ ಎಂದು ಕರೆಯುತ್ತಾರೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾದರೂ ಹೆಸರು ಹೋಗಿಲ್ಲ. "ಹೆದರ್ಬೇಡಮ್ಮ, ಹೊಸ ಸೊಸೆ ಮನೆಗೆ ಬಂದಾಗ ಹಿಂಗೇ, ಅಡುಗೆಮನೆ ಡಬ್ಬ ಎಲ್ಲ ತಿರುಗುಮುರುಗು" ಅಂದರು. ಅವರ ಮಾತು ನಿಜವೇ ಆಗಿತ್ತು. ಯಾವ ಯಂತ್ರವೂ ಒಂದು ಸಂಖ್ಯೆಯನ್ನು ಪೂರ್ತಿಯಾಗಿ ಇಟ್ಟುಕೊಳ್ಳಲಾರದು. ಹದಿನೈದು ಹದಿನಾರು ಅಂಕಿಗಳಾದ ಮೇಲೆ ಉಳಿದ ಚೂರನ್ನು ಬಿಟ್ಟುಬಿಡುತ್ತದೆ. ಹಳೆಯದು ಗುಣಿಸಿದ ಕೂಡಲೇ ಒಮ್ಮೆ ಚೂರು ಬಿಡುತ್ತಿತ್ತು, ಕೂಡಿಸಿದ ಮೇಲೆ ಇನ್ನೊಮ್ಮೆ. ಹೊಸದು ಗುಣಿಸುವುದನ್ನೂ ಕೂಡಿಸುವುದನ್ನೂ ಒಂದೇ ಉಸಿರಿನಲ್ಲಿ ಮಾಡಿ ಕಡೆಯಲ್ಲಿ ಒಮ್ಮೆ ಮಾತ್ರ ಬಿಡುತ್ತದೆ. ಹಾಗಾಗಿ ಕೊನೆಯ ಅಂಕಿ ಬೇರೆ ಬರುತ್ತದೆ. ನದಿಯ ಎತ್ತರದಲ್ಲಿ ಹೇಳುವುದಾದರೆ, ಕೂದಲೆಳೆಯನ್ನು ಲಕ್ಷ ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟೂ ಅಲ್ಲ.

ಅಂಥವನ್ನು ಒಂದೊಂದಾಗಿ ಬಿಡಿಸಿ, ಕಾರಣ ಇದೇ ಎಂದು ಖಾತ್ರಿ ಮಾಡಿಕೊಂಡು, ಇಷ್ಟು ವ್ಯತ್ಯಾಸ ಪರವಾಗಿಲ್ಲ ಎಂದು ಮಿತಿ ಹಾಕುತ್ತ ಬಂದೆ. ಕೆಂಪು ಕಡಿಮೆಯಾಗುತ್ತ ಬಂತು. ಒಂದು ಮಾತ್ರ ಉಳಿಯಿತು.

ಆ ದಿನದ್ದು. ಅಲ್ಲಿ ವ್ಯತ್ಯಾಸ ಕೂದಲೆಳೆಯಷ್ಟಲ್ಲ ಅಕ್ಕ, ಗೇಣುದ್ದ.

ಸಂಜೆಯ ಹೊತ್ತಿಗೆ ನೀರು ಕೆಂಪು ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲುತ್ತದೆ ಎಂದು ಹಳೆಯ ಯಂತ್ರ ಅಂದು ಲೆಕ್ಕ ಹಾಕಿತ್ತು. ಅದಕ್ಕೇ ಸೈರನ್ ಕೂಗಲಿಲ್ಲ. ಅದೇ ಮಳೆಯನ್ನು, ಅದೇ ಪ್ರೋಗ್ರಾಂ ಅನ್ನು ಹೊಸ ಯಂತ್ರಕ್ಕೆ ಕೊಟ್ಟರೆ, ನೀರು ಗೆರೆ ದಾಟುತ್ತದೆ ಎನ್ನುತ್ತದೆ.

ಯಾಕೆ ಎಂದು ನನಗಿನ್ನೂ ತಿಳಿದಿಲ್ಲ. ಹುಡುಕುತ್ತಿದ್ದೇನೆ.

ನಿನ್ನ
ತಂಗಿ


ಮಾರ್ಚ್ 15

ತಂಗಿಗೆ,

ಯಂತ್ರ ಬೇರೆ ಇದ್ದಿದ್ದರೆ ಅವರು ಬದುಕಿರುತ್ತಿದ್ದರೇ? ನನಗೆ ಬೇಕಾಗಿರುವುದು ಇಷ್ಟೇ. ಹೌದು ಅಥವಾ ಇಲ್ಲ. ಗುಣಿಸುವುದು ಕೂಡಿಸುವುದು ಕಟ್ಟಿಕೊಂಡು ನನಗೇನಾಗಬೇಕು.

ಎರಡು ದಿನದಿಂದ ಅಂಗಡಿಯಲ್ಲಿ ಕೆಲಸ ಕೆಡುತ್ತಿದೆ. ನಿನ್ನೆ ಒಬ್ಬರ ಕನ್ನಡಕದಲ್ಲಿ ಎಡದ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟೆ. ಹಾಕಿಕೊಂಡು ಮೆಟ್ಟಿಲು ಇಳಿಯಹೋದವರು ಗೋಡೆ ಹಿಡಿದು ನಿಂತರು. ಮಾಲೀಕರು ಟೀ ತರಿಸಿಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಹೇಳಬಾರದು ಅಂದುಕೊಂಡಿದ್ದೆ, ಎದುರಿಗೆ ಕೂತು ಅವರು ನನ್ನ ಮುಖ ನೋಡುತ್ತಿದ್ದರೆ ಬಚ್ಚಿಡಲಾಗಲಿಲ್ಲ. ಎಲ್ಲ ಕೇಳಿಸಿಕೊಂಡು, "ಯಾವ ಯಂತ್ರ ತಂದ್ರೂ ನನ್ನ ಮಗ ಬರೋದಿಲ್ಲ. ಆ ಹುಡುಗಿ ಹೊತ್ತುಹೊತ್ತಿಗೆ ಊಟ ಮಾಡ್ತಾಳಾ ಕೇಳು" ಅಂದು ಗೋಡೆ ಕಡೆ ತಿರುಗಿ ಮಲಗಿದರು. ಕೇಳಿದ್ದೇನೆ.

ಅಕ್ಕ


ಏಪ್ರಿಲ್ 18

ಅಕ್ಕ,

ತಿಂಗಳ ಮೇಲಾಯಿತು. ಗೊತ್ತಾಗದೆ ಬರೆಯಬಾರದು ಅಂತ ಕಾದೆ.

ಎರಡೂ ಯಂತ್ರಗಳಲ್ಲಿ ಆ ದಿನವನ್ನು ಗಂಟೆ ಗಂಟೆಗೂ ನಿಲ್ಲಿಸಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬೆಳಗ್ಗೆ ಎರಡೂ ಒಂದೇ. ಹೊತ್ತೇರಿದಂತೆ ಕಟ್ಟಕಡೆಯ ಅಂಕಿಯಲ್ಲಿ ಅದೇ ಕೂದಲೆಳೆಯ ಸೀಳು. ಅಲ್ಲಿಯವರೆಗೂ ಗಾಬರಿಯಾಗುವಂಥದ್ದು ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಂ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಮೇಲಿನ ಅಣೆಕಟ್ಟು ತುಂಬಿತೋ, ಇಲ್ಲವೋ? ತುಂಬಿದ್ದರೆ ಮುಂದಿನ ಗಂಟೆ ನೀರು ಕೋಡಿ ಹರಿಯುತ್ತದೆ ಎಂದು ಲೆಕ್ಕ. ಅಂದು ಅಣೆಕಟ್ಟಿನ ನೀರು ಸರಿಯಾಗಿ ಅಂಚಿಗೇ ಬಂದು ನಿಂತಿತ್ತು. ಆ ಸೀಳಿನ ಕಾರಣಕ್ಕೆ ಹಳೆಯ ಯಂತ್ರಕ್ಕೆ "ತುಂಬಿಲ್ಲ" ಎಂದಾಯಿತು, ಹೊಸದಕ್ಕೆ "ತುಂಬಿತು" ಎಂದಾಯಿತು. ಅಲ್ಲಿಂದ ಎರಡರ ದಾರಿಯೂ ಬೇರೆ. ನಿಮ್ಮ ಸೇತುವೆಗೆ ಬರುವಷ್ಟರಲ್ಲಿ ಗೇಣುದ್ದದ ಅಂತರ.

ಹೊಸ ಯಂತ್ರ ಜಾಣ, ಹಳೆಯದು ದಡ್ಡ ಎಂದು ನಿನಗೆ ಬರೆದುಬಿಡಬಹುದಿತ್ತು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಮೀಸೆ ಮತ್ತು ನಾನು ಇನ್ನೊಂದು ಕೆಲಸ ಮಾಡಿದೆವು. ಬೆಟ್ಟದ ಮಳೆಯನ್ನು ಒಂದು ಹನಿಯಷ್ಟು ಹೆಚ್ಚಿಸಿ ಹಳೆಯ ಯಂತ್ರಕ್ಕೆ ಕೊಟ್ಟೆವು. ಅದು ಎಚ್ಚರಿಕೆ ಕೊಟ್ಟಿತು. ಒಂದು ಹನಿ ಕಡಿಮೆ ಮಾಡಿ ಹೊಸದಕ್ಕೆ ಕೊಟ್ಟೆವು. ಅದು ಸುಮ್ಮನಿತ್ತು. ಮಳೆ ಅಳೆಯುವ ಡಬ್ಬಿಯ ಮೇಲೆ ಒಂದು ಎಲೆ ಬಿದ್ದರೂ ಅದಕ್ಕಿಂತ ಹೆಚ್ಚು ತಪ್ಪುತ್ತದೆ ಅಕ್ಕ. ನಿಜವಾದ ನದಿ ಆ ಸಂಜೆ ಎರಡೂ ಲೆಕ್ಕಗಳನ್ನು ಮೀರಿ ಆಳುದ್ದ ಬಂತು, ಅದು ನಿನಗೇ ಗೊತ್ತು.

ನೀನು ಹೌದೋ ಇಲ್ಲವೋ ಎಂದು ಕೇಳಿದೆ. ಗೊತ್ತಿಲ್ಲ ಎಂಬುದೇ ನನ್ನ ಉತ್ತರ. ಯಾವ ಯಂತ್ರ ಇದ್ದರೂ ಆ ದಿನ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾವು ಅದಕ್ಕೆ ಕಲಿಸಿರಲಿಲ್ಲ. ಇದೆ, ಇಲ್ಲ, ಎರಡೇ ಮಾತು ಕಲಿಸಿದ್ದೆವು.

ಊಟ ಮಾಡುತ್ತಿದ್ದೇನೆ ಎಂದು ಅತ್ತೆಯವರಿಗೆ ಹೇಳು.

ನಿನ್ನ
ತಂಗಿ


ಮೇ 7

ಅಕ್ಕ,

ನೀನು ಉತ್ತರ ಬರೆದಿಲ್ಲ. ಬರೆಯಲೇಬೇಕೆಂದಿಲ್ಲ. ಇಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಜೂನ್ ಮುಗಿಯುವಷ್ಟರಲ್ಲಿ ಹಳೆಯ ಯಂತ್ರಗಳನ್ನು ನಿಲ್ಲಿಸಿಬಿಡಬೇಕು. ಉಳಿದಿರುವುದು ಈ ಒಂದು ಟೆಸ್ಟು. ಗುಣಿಸುವುದನ್ನೂ ಕೂಡಿಸುವುದನ್ನೂ ಹಳೆಯ ಯಂತ್ರದಂತೆ ಬೇರೆ ಬೇರೆಯಾಗಿಯೇ ಮಾಡು ಎಂದು ಹೊಸದಕ್ಕೆ ಹೇಳಲು ಒಂದು ದಾರಿ ಇದೆ. ಸೋಮವಾರ ಅದನ್ನು ಮಾಡಿ ನೋಡಿದೆ. ಟೆಸ್ಟು ಪಾಸಾಯಿತು. ಅಂದರೆ, ಎಚ್ಚರಿಕೆ ಏನೂ ಇಲ್ಲ ಎಂದು ಹೊಸ ಯಂತ್ರವೂ ಹೇಳಿತು. ಪರದೆಯ ಮೇಲೆ ಹಸಿರು ಬಂತು. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು. ನಾನು ಎದ್ದುಬಿಟ್ಟೆ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಮರುದಿನ ಮುಖ್ಯಸ್ಥರ ಬಳಿ ಹೋದೆ. ಒಳ್ಳೆಯ ಮನುಷ್ಯ, ಆದರೆ ಮೇಲಿನವರಿಗೆ ಉತ್ತರ ಹೇಳಿ ಹೇಳಿ ಸೋತಿದ್ದಾರೆ.

"ಪಾಸಾಯ್ತಲ್ಲ, ಇನ್ನೇನಮ್ಮ?"

"ಪಾಸಾಗಿರೋದು ತಪ್ಪು ಉತ್ತರ ಸರ್."

"ಹಾಗಾದ್ರೆ ಹೊಸ ಯಂತ್ರದ ಉತ್ತರಾನೇ ಸರಿ ಅಂತ ಬರ್ಕೊಳ್ಳಿ. ಆಗಲೂ ಪಾಸು."

"ಅದೂ ಅದೃಷ್ಟಕ್ಕೆ ಬಂದಿದ್ದು ಸರ್. ಇನ್ನೊಂದು ದಿನ, ಇನ್ನೊಂದು ಊರಿನಲ್ಲಿ ಅದೂ ಕೈ ಕೊಡುತ್ತೆ."

ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಒಂದೇ ಸಲ ಲೆಕ್ಕ ಹಾಕಿ ನಂಬುವುದು ಬೇಡ. ಮಳೆಯನ್ನು ಚೂರು ಹೆಚ್ಚು ಚೂರು ಕಡಿಮೆ ಮಾಡಿ ಹಲವು ಸಲ ಹಾಕೋಣ. ಕೆಲವು ಗೆರೆಯ ಆಚೆ, ಕೆಲವು ಈಚೆ ಬಂದರೆ, "ಖಚಿತವಿಲ್ಲ" ಎಂದು ಪರದೆಯ ಮೇಲೆ ಬರಲಿ, ಸೈರನ್ನೂ ಕೂಗಲಿ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಮ್‌ಸುಮ್ನೆ ಕೂಗಿದ್ರೆ ಜನ ಉಗೀತಾರೆ. ಎರಡು ಸಲ ಸುಳ್ಳಾದ್ರೆ ಮೂರನೇ ಸಲ ಯಾರೂ ಮನೆ ಬಿಟ್ಟು ಏಳೋದಿಲ್ಲ. ಅದನ್ನ ಯೋಚನೆ ಮಾಡಿದ್ದೀರಾ?"

ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆಗ ಭಾವನ ವಿಷಯ ಹೇಳಿದೆ. ಈ ಕಚೇರಿಯಲ್ಲಿ ಅದೇ ಮೊದಲ ಸಲ. ಪಂಪ್‌ಹೌಸಿನಲ್ಲಿದ್ದರು, ನನ್ನ ಅಕ್ಕನ ಗಂಡ, ನಾನೇ ಫೋನಿನಲ್ಲಿ ಏನೂ ಇಲ್ಲ ಎಂದಿದ್ದೆ, ಎಂದಷ್ಟೇ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ನಾಲ್ಕೇ ಬೆರಳು ಅಂತ ಆ ದಿನ ಡ್ಯೂಟಿಯಲ್ಲಿದ್ದ ಯಾರಿಗೂ ಕಾಣಿಸಲಿಲ್ಲಮ್ಮ. ಪರದೆ ಮೇಲೆ ಬರ್ತಿದ್ದದ್ದು ಒಂದೇ ಮಾತು. ಎಚ್ಚರಿಕೆ ಇಲ್ಲ, ಅಷ್ಟೇ" ಎಂದರು. ಯೋಚಿಸಿ ಹೇಳುತ್ತೇನೆ ಎಂದು ನನ್ನನ್ನು ಕಳಿಸಿದರು. ಇನ್ನೂ ಹೇಳಿಲ್ಲ.

ನಿನ್ನ
ತಂಗಿ


ಮೇ 25

ಗುಬ್ಬಿ,

ನಿನ್ನ "ಗೊತ್ತಿಲ್ಲ" ಓದಿ ಮೈಯೆಲ್ಲ ಉರಿದುಹೋಯಿತು. ಇಷ್ಟು ಓದಿದವಳು, ಇಷ್ಟು ದೊಡ್ಡ ಕಚೇರಿಯವಳು, ಕಡೆಗೆ ಕೊಡುವ ಉತ್ತರ ಇದೇನಾ ಅನ್ನಿಸಿತು. ಹತ್ತು ದಿನ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ಅಂಗಡಿಯಲ್ಲಿ ನನ್ನ ಕೆಲಸವೂ ಅಂಥದ್ದೇ ತಾನೇ. ಗಾಜು ಬದಲಾಯಿಸುತ್ತ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ದಿನವಿಡೀ ಕೇಳುತ್ತೇನೆ. ಕಡೆಕಡೆಗೆ ಎಲ್ಲರೂ ತಡವರಿಸುತ್ತಾರೆ. ಮೊನ್ನೆ ಒಬ್ಬ ಅಜ್ಜ, "ಗೊತ್ತಾಗ್ತಿಲ್ಲಮ್ಮ, ಗೊತ್ತಾಗ್ತಿಲ್ಲ ಅಂದ್ರೆ ಕೋಪ ಮಾಡ್ಕೋತೀಯಾ?" ಎಂದು ಕೇಳಿದರು. ಇಲ್ಲ ಅಂದೆ. ಹಾಗಂದು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಬೈಯಲು ನನಗೆ ಒಂದು ಮುಖ ಬೇಕಿತ್ತು. ನದಿಗೆ ಮುಖ ಇಲ್ಲ. ನಿನ್ನದು ಕೈಗೆ ಸಿಕ್ಕಿತು. ನನಗೆ ಇದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ನಿನಗೆ ಯಾರೂ ಹೇಳಿರದ ಒಂದು ವಿಷಯ ಇದೆ. ಆ ಸಂಜೆ ಅವರ ಜೊತೆ ಡ್ಯೂಟಿಯಲ್ಲಿದ್ದವನು ತಿಂಗಳಾದ ಮೇಲೆ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು ಹೇಳಿದ. ನೀರು ಮೊಣಕಾಲಿಗೆ ಬಂದಾಗ ಇಬ್ಬರೂ ಹೊರಡಬಹುದಿತ್ತಂತೆ. ಮೋಟರಿನ ಸ್ವಿಚ್ ಬೋರ್ಡ್ ಆರಿಸದೆ ಹೋದರೆ ಹೊರಗೆ ನೀರಿನಲ್ಲಿ ನಡೆಯುವವರಿಗೆಲ್ಲ ಶಾಕ್ ಹೊಡೆಯುತ್ತದೆ ಎಂದು ಇವರು ಹಿಂದೆ ಉಳಿದರಂತೆ. "ನೀನು ನಡಿ, ಬೋರ್ಡ್ ಆರಿಸಿ ಬಂದೆ" ಅಂದರಂತೆ. ಬೋರ್ಡ್ ಆರಿತ್ತು. ಮರುದಿನ ಹೋದವರು ನೋಡಿದ್ದಾರೆ.

ನೀನು ಆ ದಿನ ಎಚ್ಚರಿಕೆ ಇದೆ ಎಂದಿದ್ದರೂ ಆ ಮನುಷ್ಯ ಹೋಗುತ್ತಿದ್ದರೇನೋ. ಬೋರ್ಡ್ ಆರಿಸಿ ಬರುತ್ತೇನೆ ಎಂದು. ಇದೂ ನನಗೆ ಗೊತ್ತಿಲ್ಲ.

ಮುಖ್ಯಸ್ಥರು ಒಪ್ಪದಿದ್ದರೆ ಇನ್ನೊಮ್ಮೆ ಹೋಗು. ಚಿಕ್ಕವಳಿದ್ದಾಗ ಅಪ್ಪನ ಬೆನ್ನು ಬಿದ್ದು ಸೈಕಲ್ ಕೊಡಿಸಿಕೊಂಡವಳು ನೀನು.

ಅಕ್ಕ


ಜೂನ್ 28

ಅಕ್ಕ,

ಭಾವನ ಬಗ್ಗೆ ನೀನು ಬರೆದದ್ದನ್ನು ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ.

ಮುಖ್ಯಸ್ಥರು ಒಪ್ಪಿದರು. ಒಂದು ಮಳೆಗಾಲ ನೋಡೋಣ ಎಂದಿದ್ದಾರೆ. ಪ್ರೋಗ್ರಾಂ ಈಗ ಒಂದು ಸಲದ ಬದಲು ಹಲವು ಸಲ ಲೆಕ್ಕ ಹಾಕುತ್ತದೆ. ಹೊಸ ಯಂತ್ರಗಳು ವೇಗದವು, ಅದಕ್ಕೇ ಸಾಧ್ಯವಾಯಿತು. ಟೆಸ್ಟನ್ನೂ ಬದಲಾಯಿಸಿದ್ದೇವೆ. ಹಳೆಯ ಅಂಕಿಯೇ ಬಂದಿದೆಯೇ ಎಂದು ಈಗ ಕೇಳುವುದಿಲ್ಲ. ಆ ದಿನದ ಮಳೆಗೆ ಯಂತ್ರ "ಖಚಿತವಿಲ್ಲ, ಜನರನ್ನು ಮೇಲಕ್ಕೆ ಕಳಿಸಿ" ಎನ್ನಬೇಕು. ಹಾಗಂದರೆ ಪಾಸು. ಗುರುವಾರ ಎರಡೂ ಯಂತ್ರಗಳಲ್ಲಿ ಓಡಿಸಿದೆವು. ಎರಡೂ ಅದನ್ನೇ ಅಂದವು.

ಪರದೆ ಪೂರ್ತಿ ಹಸಿರಾಯಿತು. ನಾನು ಕೂತೇ ಇದ್ದೆ. ಇನ್ನೇನೋ ಆಗುತ್ತದೆ ಎಂದು ಕಾದಂತೆ ಕೂತಿದ್ದೆ. ಏನೂ ಆಗಲಿಲ್ಲ. ಎಲ್ಲರೂ ಊಟಕ್ಕೆ ಹೋದರು. ಮೀಸೆ ಮಾತ್ರ ವಾಪಸ್ ಬಂದು, "ಏಳಮ್ಮ, ತಣ್ಣಗಾಗುತ್ತೆ" ಎಂದು ಬಾಗಿಲ ಹತ್ತಿರ ನಿಂತರು.

ನಿನ್ನೆ ಹಳೆಯ ಯಂತ್ರಗಳನ್ನು ನಿಲ್ಲಿಸಿಬಿಟ್ಟರು. ಅವುಗಳ ಫ್ಯಾನಿನ ಸದ್ದಿಗೆ ಎಲ್ಲರೂ ಜೋರಾಗಿ ಮಾತಾಡಿ ಅಭ್ಯಾಸ. ಸದ್ದು ನಿಂತ ಮೇಲೂ ಎಲ್ಲರೂ ಕೂಗಿಕೊಂಡೇ ಮಾತಾಡುತ್ತಿದ್ದೇವೆ.

ನಿನ್ನ
ಗುಬ್ಬಿ


ಆಗಸ್ಟ್ 12

ಗುಬ್ಬಿ,

ಇವತ್ತು ಬೆಳಗ್ಗೆ ಸೈರನ್ ಕೂಗಿತು.

ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಬಿಸಿಲು ಬೇರೆ ಇತ್ತು. ಬೀಗ ಮತ್ತೆ ಜಡಿದು ಮನೆಗೆ ಓಡಿದೆ. ಅತ್ತೆ ಏಳಲು ಒಪ್ಪಲಿಲ್ಲ. "ನೀನು ಹೋಗು, ನನ್ನ ಮಗ ಹೋದ ದಾರೀಲೇ ನಾನೂ ಹೋಗ್ತೀನಿ" ಎಂದು ಹಟ ಹಿಡಿದರು. ಪಕ್ಕದ ಮನೆಯ ಇಬ್ಬರು ಬಂದು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ದಿಬ್ಬದ ಮೇಲಿನ ಶಾಲೆಗೆ ಹೊತ್ತರು. ದಾರಿಯುದ್ದಕ್ಕೂ ಅತ್ತೆ ಆ ಇಬ್ಬರನ್ನು ಬೈಯುತ್ತಲೇ ಇದ್ದರು, "ನೆಟ್ಟಗೆ ಹಿಡೀರೋ, ನಾನೇನು ಬೀರುವೇನ್ರೋ" ಅಂತ.

ಇಡೀ ಕೆಳಬೀದಿ ತರಗತಿಯ ಬೆಂಚುಗಳ ಮೇಲೆ ಬಂದು ಕೂತಿತ್ತು. ಮಧ್ಯಾಹ್ನದವರೆಗೂ ಎಲ್ಲರೂ ಕಿಟಕಿಯಿಂದ ನದಿ ನೋಡಿದೆವು. ಮೇಲೇರಿತು, ಸ್ನಾನಘಟ್ಟದ ಮೆಟ್ಟಿಲು ಮುಳುಗಿದವು, ಕೆಂಪು ಗೆರೆಯ ಹತ್ತಿರ ಬಂತು. ಗೆರೆ ಮುಟ್ಟಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ಇದ್ದು ಇಳಿಯತೊಡಗಿತು. ಆಮೇಲೆ ಶುರುವಾಯಿತು ನೋಡು. ನಿಮ್ಮ ಕಚೇರಿಗೆ ಬಿದ್ದ ಬೈಗುಳ ಒಂದೆರಡಲ್ಲ. "ಕೂತಲ್ಲಿಂದ ಗುಂಡಿ ಒತ್ತೋಕೆ ಇವರಿಗೇನು" ಅಂದರು ಬಟ್ಟೆ ಅಂಗಡಿಯವರು. ವ್ಯಾಪಾರ ಹೋಯಿತು, ಹಾಲು ಒಡೆಯಿತು, ಮನೆಗೆ ಬೀಗ ಹಾಕಿದೆನೋ ಇಲ್ಲವೋ, ಹೀಗೆ ಒಬ್ಬೊಬ್ಬರದು ಒಂದೊಂದು ದೂರು. ಅದು ನನ್ನ ತಂಗಿಯ ಕೆಲಸ ಎಂದು ನಾನು ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಪಂಪ್‌ಹೌಸಿನಲ್ಲಿ ಈಗ ಇರುವವನೂ ಅಲ್ಲಿಗೇ ಬಂದಿದ್ದ. ಮೋಟರು ನಿಲ್ಲಿಸಿ, ಬೋರ್ಡ್ ಆರಿಸಿ, ಬಾಗಿಲು ಹಾಕಿ, ನೀರು ಬರುವ ಮುಂಚೆಯೇ ಮೇಲೆ ಬಂದುಬಿಟ್ಟಿದ್ದ. ಟೀ ಲೋಟ ಹಿಡಿದು ನನ್ನ ಎದುರಿಗೆ ನಿಂತು ಗೊಣಗುತ್ತಿದ್ದ. "ಟ್ಯಾಂಕು ಅರ್ಧಾನೂ ತುಂಬಿಲ್ಲ ಅಕ್ಕ. ನಾಳೆ ನಲ್ಲೀಲಿ ನೀರು ಬರಲ್ಲ. ಇಡೀ ಊರು ನನ್ನನ್ನೇ ಬೈಯುತ್ತೆ."

"ಬೈಸ್ಕೊಳ್ಳಿ" ಅಂದೆ. "ನಾಳೆ ಬೈಸ್ಕೊಳ್ಳೋಕೆ ಇರ್ತೀರಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಅಷ್ಟರಲ್ಲಿ ಅವನ ಹೆಂಡತಿ ಗೇಟಿನ ಹತ್ತಿರದಿಂದ, "ಮಾತು ಸಾಕು, ಮನೆಗೆ ನಡೀರಿ" ಎಂದು ಕರೆದಳು. ಹೋದ. ಇಬ್ಬರೂ ಜಗಳವಾಡಿಕೊಂಡೇ ದಿಬ್ಬ ಇಳಿದರು. ಯಾವುದರ ಬಗ್ಗೆ ಎಂದು ಕೇಳಿಸಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ. ಆಮೇಲೆ ಮಕ್ಕಳ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ ಕಣೆ. ಎಲ್ಲರೂ ನೋಡುತ್ತಿದ್ದರು. ನೋಡಲಿ ಅಂತ ಅಳುತ್ತಲೇ ಇದ್ದೆ. ಗಂಡಾಂತರ ತಪ್ಪಿತಲ್ಲ, ಇನ್ನೂ ಯಾಕಮ್ಮ ಅಳುತ್ತೀಯ ಎಂದು ಯಾರೋ ಬೆನ್ನು ಸವರಿದರು.

ಸಂಜೆಗೆ ಮನೆ ಸೇರಿದೆವು. ಟ್ಯಾಂಕಿನಲ್ಲಿ ಉಳಿದಿರುವುದನ್ನು ಇನ್ನೊಂದು ಗಂಟೆ ಬಿಡುತ್ತಾರಂತೆ. ನಲ್ಲಿಯಲ್ಲಿ ಈಗ ನೂಲಿನಂತೆ ಬರುತ್ತಿದೆ. ಬಕೆಟ್ ಇಟ್ಟು ಬಂದಿದ್ದೇನೆ, ತುಂಬಿರಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಅಕ್ಕ